ಟಪಾಲು ಮತ್ತು ಬುತ್ತಿ

ಕಾಗದಪತ್ರಗಳನ್ನು ಊರಿಂದ ಊರಿಗೆ ಮುಟ್ಟಿಸುವ ಏರ್ಪಾಡಿಗೆ ಕನ್ನಡದಲ್ಲಿ ಎರಡು ಹೆಸರುಗಳಿವೆ. ಮೈಸೂರು ಸೀಮೆಯವರು ಅಂಚೆ ಎಂದರು. ಬೆಳಗಾವಿ, ಧಾರವಾಡದ ಕಡೆಯವರು ಟಪಾಲು ಎಂದರು. ಇದು ಬರೀ ಮಾತಿನ ವ್ಯತ್ಯಾಸವಲ್ಲ; ಯಾವ ಸೀಮೆ ಯಾವ ಸರ್ಕಾರದ ಕೈಯಲ್ಲಿತ್ತು ಎಂಬುದರ ಗುರುತು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಶುರುಮಾಡಿದ ಮೈಸೂರು ಅಂಚೆ 1889ರವರೆಗೆ ತನ್ನದೇ ಇಲಾಖೆಯಾಗಿ ಉಳಿದು, ಆಮೇಲೆ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ಬೆಳಗಾವಿ ಜಿಲ್ಲೆಯಾದರೋ 1956ರ ನವೆಂಬರ್ 1ರವರೆಗೂ ಮುಂಬಯಿ ಆಡಳಿತದಲ್ಲಿತ್ತು. ಹಾಗಾಗಿ ಮರಾಠಿಯ ಜೊತೆ ಹಂಚಿಕೊಂಡ ಟಪಾಲು ಎಂಬ ಶಬ್ದ ಇಲ್ಲಿನವರ ಬಾಯಲ್ಲಿ ನಿಂತುಬಿಟ್ಟಿತು. ರಾಜ್ಯ ಬದಲಾದರೂ ಶಬ್ದ ಬದಲಾಗಲಿಲ್ಲ.

ಹತ್ತರಗಿ ಈ ಟಪಾಲು ಸೀಮೆಯ ಊರು. ಹುಕ್ಕೇರಿ ತಾಲೂಕಿನಲ್ಲಿ, ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿದೆ. ಸಂಕೇಶ್ವರ ದಾಟಿ ಬೆಳಗಾವಿಗೆ ಹೋಗುವ ವಾಹನಗಳವರಿಗೆ ಈಗ ಅದು ಟೋಲ್ ನಾಕಾದ ಹೆಸರು, ಅಷ್ಟೆ. ಆದರೆ ದಾರಿಯ ಮೇಲಿನ ಊರುಗಳಿಗೆ ಒಂದು ಗುಣವಿರುತ್ತದೆ. ಅಲ್ಲಿಂದ ಜನ ಹೋಗುತ್ತಲೇ ಇರುತ್ತಾರೆ. ಹೋದವರ ಹಿಂದೆ ಮನೆಯಿಂದ ಎರಡು ವಸ್ತು ಹೋಗುತ್ತವೆ. ಒಂದು ಕಾಗದ, ಇನ್ನೊಂದು ಬುತ್ತಿ. ಟಪಾಲಿನ ಚರಿತ್ರೆಯನ್ನು ಬರೆದವರು ರಸ್ತೆ, ರೈಲು, ಸ್ಟ್ಯಾಂಪುಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಕಾಗದ ಕೊನೆಗೆ ಮುಟ್ಟುತ್ತಿದ್ದುದು ಅಡುಗೆಮನೆಗೆ ಎಂಬುದನ್ನು ಬರೆದವರು ಕಡಿಮೆ. ಕಾಗದಕ್ಕೂ ಬುತ್ತಿಗೂ ನಡುವೆ ಒಂದು ಪರರ ಕೈ ಬೇಕಿತ್ತು. ಆ ಕೈಯನ್ನು ಯಾರು ನಂಬಬಹುದಿತ್ತು, ಯಾರು ನಂಬಲಾಗುತ್ತಿರಲಿಲ್ಲ ಎಂಬುದೇ ಈ ಬರಹದ ವಿಷಯ.

ಸುಲ್ತಾನನ ಹಣ್ಣು, ಬಡವನ ಕಾರ್ಡು

ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತಾ 1333ರಲ್ಲಿ ಸಿಂಧೂ ನದಿಯ ದಂಡೆಗೆ ಬಂದ. ಅವನು ಬೆರಗಾಗಿ ಬರೆದ ಸಂಗತಿಗಳಲ್ಲಿ ಮುಹಮ್ಮದ್ ಬಿನ್ ತುಘಲಕನ ಟಪಾಲೂ ಒಂದು. ಕುದುರೆಯ ಟಪಾಲು ಒಂದಿತ್ತು, ಕಾಲ್ನಡೆಯ ಟಪಾಲು ಇನ್ನೊಂದಿತ್ತು. ಕಾಲ್ನಡೆಯವರು ಮೈಲಿಗೆ ಮೂರು ಕಡೆ ಸಿದ್ಧವಾಗಿ ಕೂತಿರುತ್ತಿದ್ದರು. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ತಾಮ್ರದ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆಯ ಸದ್ದು ಕೇಳಿದ ಕೂಡಲೇ ಮುಂದಿನವನು ಸೊಂಟ ಬಿಗಿದು ನಿಲ್ಲುತ್ತಿದ್ದ. ಐವತ್ತು ದಿನದ ಹಾದಿಯ ಸುದ್ದಿ ಐದು ದಿನಗಳಲ್ಲಿ ದಿಲ್ಲಿ ಮುಟ್ಟುತ್ತಿತ್ತಂತೆ. ಈ ಓಟಗಾರರು ಕುದುರೆಗಿಂತ ಬೇಗ ಎಂದು ಅವನು ಹೇಳುತ್ತಾನೆ.

ಅವನ ಇನ್ನೊಂದು ಮಾತು ನಮಗೆ ಹೆಚ್ಚು ಮುಖ್ಯ. ಈ ಓಟಗಾರರು ಕಾಗದವನ್ನಷ್ಟೇ ಹೊರುತ್ತಿರಲಿಲ್ಲ. ಖುರಾಸಾನಿನ ಹಣ್ಣುಗಳನ್ನು ತಟ್ಟೆಗಳಲ್ಲಿಟ್ಟು ಸುಲ್ತಾನನಿಗೆ ಒಯ್ಯುತ್ತಿದ್ದರು. ಸುಲ್ತಾನ ದೌಲತಾಬಾದಿನಲ್ಲಿದ್ದಾಗ ಅವನ ಕುಡಿಯುವ ನೀರನ್ನು ನಲವತ್ತು ದಿನದ ಹಾದಿಯಾಚೆಯ ಗಂಗೆಯಿಂದ ತರುತ್ತಿದ್ದರು. ಅಂದರೆ ದಖನ್ನಿನ ಮಣ್ಣಿಗೆ ಬಂದ ಆ ಹಳೆಯ ಟಪಾಲಿನಲ್ಲಿ ಸುದ್ದಿಯೂ ಇತ್ತು, ತಿನಿಸೂ ಇತ್ತು, ನೀರೂ ಇತ್ತು. ಆದರೆ ಎಲ್ಲವೂ ಒಬ್ಬನಿಗೆ.

ಸುದ್ದಿ ಒಯ್ಯುವವನಿಗೆ ಪಾರಸಿಯಲ್ಲಿ ಹರ್‌ಕಾರಾ ಎನ್ನುತ್ತಿದ್ದರು. ಅದು ಕನ್ನಡಕ್ಕೆ ಬಂದು ಹರಿಕಾರ ಆಯಿತು. ಇವತ್ತು ನಾವು ದೊಡ್ಡ ಲೇಖಕರನ್ನೂ ನಾಯಕರನ್ನೂ ಹೊಸಯುಗದ ಹರಿಕಾರರು ಎಂದು ಕರೆದು ಶಾಲು ಹೊದಿಸುತ್ತೇವೆ. ಬಿಸಿಲಲ್ಲಿ ಓಡುತ್ತಿದ್ದ ಬಡಪಾಯಿ ಕೂಲಿಯವನ ಹೆಸರು ಅದು ಎಂಬುದು ಶಾಲು ಹೊದೆಸುವವರಿಗೂ ನೆನಪಿರುವುದಿಲ್ಲ.

ಟಪಾಲು ಬಡವರ ಮನೆ ಬಾಗಿಲಿಗೆ ಬರಲು ಐದು ನೂರು ವರ್ಷ ಬೇಕಾಯಿತು. ಕಂಪನಿ ಸರ್ಕಾರದ 1837ರ ಕಾಯ್ದೆಯಂತೆ ಕಾಗದ ದೂರ ಹೋದಷ್ಟೂ ಹಾಸಲು ಹೆಚ್ಚುತ್ತಿತ್ತು. 1854ರಲ್ಲಿ ಆ ಲೆಕ್ಕ ಹೋಯಿತು. ಕಾಲು ತೊಲ ತೂಕದ ಕಾಗದ ದೇಶದ ಯಾವ ಮೂಲೆಗೆ ಹೋದರೂ ಅರ್ಧ ಆಣೆ. 1879ರಲ್ಲಿ ಕಾಲಾಣೆಯ ಕಾರ್ಡು ಬಂತು. 1880ರಿಂದ ಮನಿಯಾರ್ಡರ್ ಟಪಾಲು ಕಚೇರಿಯ ಕೆಲಸವಾಯಿತು. 1882ರಲ್ಲಿ ಉಳಿತಾಯ ಖಾತೆ ಬಂತು. 1890ರ ದಶಕದಿಂದ ಚಳಿಜ್ವರದ ಮದ್ದಾದ ಕ್ವಿನೈನಿನ ಪುಡಿಯನ್ನೂ ಟಪಾಲು ಕಚೇರಿಗಳ ಮೂಲಕ ಪೊಟ್ಟಣ ಕಟ್ಟಿ ಮಾರತೊಡಗಿದರು. ಅನೇಕ ಹಳ್ಳಿಗಳಲ್ಲಿ ಟಪಾಲು ಕಚೇರಿಯೆಂದರೆ ಶಾಲೆಯ ಒಂದು ಮೂಲೆ, ಪೋಸ್ಟ್‌ಮಾಸ್ತರ ಎಂದರೆ ಶಾಲೆಯ ಮಾಸ್ತರರೇ.

ಇದೇ ಹೊತ್ತಿಗೆ ಪುಣೆಯಿಂದ ಮಿರಜ, ಘಟಪ್ರಭಾ, ಪಾಚ್ಛಾಪುರದ ಮೇಲೆ ಬೆಳಗಾವಿಗೆ ರೈಲು ಬಂತು. ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ಎದ್ದಿತು. ಹೊಲ ಬಿಟ್ಟವರು ಗಿರಣಿಗೆ ಹೋದರು, ಮುಂಬಯಿಗೆ ಹೋದರು, ಪಲ್ಟಣಕ್ಕೆ ಹೋದರು. ಕಾಲಾಣೆ ಕಾರ್ಡಿಗೂ ಮನಿಯಾರ್ಡರಿಗೂ ಗಿರಾಕಿಗಳು ಹುಟ್ಟಿದ್ದು ಹೀಗೆ.

ಡಬ್ಬಿಯ ಚರಿತ್ರೆ

ಈಗ ಅಡುಗೆಮನೆಗೆ ಬರೋಣ. ಕಾಗದ ಮುಟ್ಟುವ ದಿನ ಯಾರಿಗೂ ಗೊತ್ತಿರುತ್ತಿರಲಿಲ್ಲ. 'ನಾನು ಬರುತ್ತೇನೆ' ಎಂದು ಬರೆದ ಕಾರ್ಡಿಗಿಂತ ಮೊದಲೇ ಬರೆದವನು ಬಂದು ಪಡಸಾಲೆಯಲ್ಲಿ ಕೂತಿರುವುದೂ ಉಂಟು. ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೆ ಕಾಲು ತಾಸಿನಲ್ಲಿ ಏನಾದರೂ ಬಡಿಸಬೇಕು. ಅದಕ್ಕಾಗಿ ಈ ಸೀಮೆಯ ಹೆಂಗಸರು ಒಂದು ದೊಡ್ಡ ಏರ್ಪಾಡನ್ನೇ ಮಾಡಿಕೊಂಡಿದ್ದರು. ಬೇಸಿಗೆಯ ಬಿಸಿಲಲ್ಲಿ ಹಪ್ಪಳ, ಸಂಡಿಗೆ, ಶ್ಯಾವಿಗೆ ಒಣಗುತ್ತಿದ್ದವು. ತೆಳ್ಳಗೆ ಬಡಿದು ಕಾಯಿಸಿದ ಖಡಕ್ ಜೋಳದ ರೊಟ್ಟಿ ಬುಟ್ಟಿಯಲ್ಲಿ ವಾರಗಟ್ಟಲೆ ಇರುತ್ತಿತ್ತು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಡಬ್ಬಿಗಳಲ್ಲಿ ತುಂಬಿರುತ್ತಿದ್ದವು. ಚುರುಮುರಿ ಇದ್ದರೆ ನೆನೆಸಿ ಒಗ್ಗರಣೆ ಕೊಟ್ಟರೆ ಸುಸಲಾ. ಏನೂ ಇಲ್ಲದಿದ್ದರೆ ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಖಾರ, ಉಪ್ಪು ಹಾಕಿ ಕುಟ್ಟಿದರೆ ಮುಟಗಿ.

ಎಲ್ಲಕ್ಕಿಂತ ಬೇಗ ಆಗುವುದು ಕಡಲೆಹಿಟ್ಟಿನದು. ನೀರು ಕುದಿಯುವಷ್ಟರಲ್ಲಿ ಉಳ್ಳಾಗಡ್ಡಿ ಹೆಚ್ಚಿ, ಹಿಟ್ಟು ಹಾಕಿ ತಿರುವಿದರೆ ಆಯಿತು. ಲಿಂಗಾಯತರ ಮನೆಯಲ್ಲಿ ಅದು ಝುಣಕ, ಮರಾಠರ ಮನೆಯಲ್ಲಿ ಪಿಠಲೆ, ನಮ್ಮ ಮನೆಗಳಲ್ಲಿ ಬೇಸನ್. ಗಟ್ಟಿಯೋ ತೆಳುವೋ ಎಂಬಷ್ಟೇ ಜಗಳ. ಹಾಗೆಯೇ ಅವರ ಮಾದಲಿಗೂ ನಮ್ಮ ಮಲೀದಾಕ್ಕೂ ದೂರವೇನಿಲ್ಲ. ಎರಡೂ ಪುಡಿ ಮಾಡಿ ಬೆಲ್ಲ ಬೆರೆಸಿದವು, ಎರಡೂ ಕೆಡದೆ ದಾರಿ ಸವೆಸುವಂಥವು.

ಇವನ್ನೆಲ್ಲ ನಾವು ತಲತಲಾಂತರದ ಊಟ ಎನ್ನುತ್ತೇವೆ. ಆದರೆ ಡಬ್ಬಿಯನ್ನು ತೆರೆದು ನೋಡಿದರೆ ಬೇರೆಯದೇ ಕಾಣುತ್ತದೆ. ಸಂಕೇಶ್ವರದ ಹೆಸರು ಹೊತ್ತ ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದ ಗಿಡದ ಸಂತಾನ. ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ಅದು ದಖನ್ನಿನ ಹೊಲಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಹರಡಿದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ ಮತ್ತು 20ನೇ ಶತಮಾನದ ಮೊದಲ ದಶಕಗಳಲ್ಲಿ. ಪೋಸ್ಟ್‌ಮನ್ನನಿಗೆ ಕೊಡುವ ಚಹಾ ಹಳ್ಳಿಯ ಒಲೆಯ ಮೇಲೆ ಬಂದದ್ದು ಅದಕ್ಕೂ ಈಚೆಗೆ. ಅಂದರೆ ಶೇಂಗಾ ಹಿಂಡಿಯ ಡಬ್ಬಿಯೂ ಕಾಲಾಣೆಯ ಕಾರ್ಡೂ ಹೆಚ್ಚುಕಡಿಮೆ ಒಂದೇ ಪೀಳಿಗೆಯವು. ನಮ್ಮದು, ಹೊರಗಿನದು ಎಂದು ಗೆರೆ ಎಳೆಯುವವರು ಒಮ್ಮೆ ನಮ್ಮ ಡಬ್ಬಿಗಳ ಮುಚ್ಚಳ ತೆಗೆಯಬೇಕು.

ಬರೆದ ಕೈ, ಓದಿದ ಬಾಯಿ

ಈ ಡಬ್ಬಿಗಳನ್ನು ತುಂಬಿದ ಹೆಂಗಸರಲ್ಲಿ ಹೆಚ್ಚಿನವರಿಗೆ ತಮಗೆ ಬಂದ ಕಾಗದವನ್ನು ಓದಲು ಬರುತ್ತಿರಲಿಲ್ಲ. ಬೆಳಗಾವಿ ಸೀಮೆಯಲ್ಲಿ ಓದುವುದೆಂದರೆ ಯಾವ ಲಿಪಿ ಎಂಬ ಪ್ರಶ್ನೆಯೂ ಇತ್ತು. ಕಂದಾಯದ ಕಾಗದಗಳಲ್ಲಿ ಮೋಡಿ ಲಿಪಿಯ ಮರಾಠಿ. 19ನೇ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಹೋರಾಡಿ ಕನ್ನಡ ಶಾಲೆಗಳನ್ನು ಬೆಳೆಸಿದರು. ಮುಸ್ಲಿಮರಲ್ಲಿ ಓದು ಬಲ್ಲವರ ಕಾಗದ ಉರ್ದುವಿನಲ್ಲಿ. ಹೀಗಾಗಿ ನಮ್ಮ ಮನೆಗಳಿಗೆ ಬರುತ್ತಿದ್ದ ಲಕೋಟೆಗಳು ವಿಚಿತ್ರವಾಗಿದ್ದವು. ಹೊರಗೆ ವಿಳಾಸ ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ, ಒಳಗೆ 786 ಎಂದು ಶುರುವಾಗುವ ಉರ್ದು. ಹೊರಗಿನದು ಪೋಸ್ಟ್‌ಮನ್ನನಿಗೆ, ಒಳಗಿನದು ಮನೆಗೆ. ಎಡದಿಂದ ಬಲಕ್ಕೆ ಓಡುವ ಅಕ್ಷರ ಊರಿನವರೆಗೆ ತಂದು ಬಿಟ್ಟರೆ, ಬಲದಿಂದ ಎಡಕ್ಕೆ ಓಡುವ ಅಕ್ಷರ ಒಳಕೋಣೆಗೆ ಕರೆದೊಯ್ಯುತ್ತಿತ್ತು.

ನಾನು ಉರ್ದು, ಕನ್ನಡ ಎರಡೂ ಕಲಿತದ್ದರಿಂದ ಚಿಕ್ಕಂದಿನಲ್ಲಿ ಓಣಿಯ ಕಾಗದಗಳನ್ನು ಓದುವ, ಬರೆಯುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಹೊರಗಿನಿಂದ ಪೋಸ್ಟ್‌ಮನ್ 'ಯವ್ವಾ, ಕಾಗದ ಬಂದೈತ್ರಿ' ಎಂದು ಕೂಗುವನು. ಒಳಗಿನಿಂದ 'ಕುಂದ್ರಪ್ಪಾ, ಚಾ ಕುಡದ ಹೋಗು' ಎಂಬ ದನಿ. ಆಮೇಲೆ ಆ ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬರುವರು. ಉತ್ತರ ಬರೆಯಲು ಕೂತರೆ ಮುದುಕಿಯರು ಹೇಳುತ್ತಿದ್ದುದು ಒಂದೇ: 'ಎಲ್ಲಾರೂ ಅರಾಮ ಅದಾರ ಅಂತ ಬರಿ.' ಮನೆಯಲ್ಲಿ ಯಾರೂ ಆರಾಮಾಗಿಲ್ಲ ಎಂಬುದು ನನಗೆ ಗೊತ್ತಿರುತ್ತಿತ್ತು. ಕನ್ನಡದ ಕಾಗದದಲ್ಲಿ ಉಭಯ ಕುಶಲೋಪರಿ, ಉರ್ದು ಕಾಗದದಲ್ಲಿ ಖೈರಿಯತ್. ಎರಡೂ ಬರೀ ಶಿಷ್ಟಾಚಾರದ ಮಾತುಗಳಲ್ಲ. ಪರರ ಕೈಯಲ್ಲಿ ಬರೆಸುವವರು ತಮ್ಮ ಸಂಕಟವನ್ನು ಮುಚ್ಚಿಟ್ಟ ಮುಚ್ಚಳಗಳು. ಗಂಡನಿಗೆ ಹೇಳಬೇಕಾದ್ದನ್ನು ಪಕ್ಕದ ಮನೆಯ ಹುಡುಗನ ಮುಂದೆ, ಅತ್ತೆಯ ಎದುರಿಗೆ, ಒಬ್ಬ ಹೆಣ್ಣುಮಗಳು ಹೇಗೆ ಹೇಳಿಯಾಳು?

ಆದ್ದರಿಂದ ಹೇಳಲಾಗದ್ದು ಬುತ್ತಿಯಲ್ಲಿ ಹೋಗುತ್ತಿತ್ತು. ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟ ಗಂಟಿನಲ್ಲಿ ಹಿಂಡಿಗೆ ಎಷ್ಟು ಬೆಳ್ಳುಳ್ಳಿ ಬಿದ್ದಿದೆ, ಅವನಿಗಿಷ್ಟದ ಮಲೀದಾ ಇದೆಯೋ ಇಲ್ಲವೋ ಎಂಬುದನ್ನು ಆ ಕಡೆಯವನು ಮಾತ್ರ ಓದಬಲ್ಲ. ಅದಕ್ಕೆ ಅಕ್ಷರ ಬೇಕಿರಲಿಲ್ಲ.

ಮನಿಯಾರ್ಡರಿನ ಕಥೆಯೂ ಇಂಥದೇ. ಫಾರ್ಮಿನ ತುದಿಯಲ್ಲಿ ನಾಲ್ಕು ಸಾಲು ಬರೆಯಲು ಜಾಗವಿರುತ್ತಿತ್ತು. ಹೆಬ್ಬೆಟ್ಟು ಒತ್ತುವವರಿಗೆ ಒಬ್ಬ ಸಾಕ್ಷಿ ಬೇಕು. ಅಂದರೆ ಮಗ ಎಷ್ಟು ರೊಕ್ಕ ಕಳಿಸಿದ ಎಂಬುದು ಕೈಗೆ ಬರುವ ಮೊದಲೇ ಓಣಿಗೆ ಗೊತ್ತಾಗುತ್ತಿತ್ತು. ಪ್ರಾಮಾಣಿಕ ಪೋಸ್ಟ್‌ಮನ್ ಇದ್ದ ಊರು ಪುಣ್ಯ ಮಾಡಿತ್ತು. ಧರ್ಮ, ಜಾತಿ ಯಾವುದೇ ಇರಲಿ, ಅವನಿಗೆ ಎಲ್ಲರ ಮನೆಯ ಗುಟ್ಟು ಗೊತ್ತು, ಅವನು ಯಾರ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ ಎಂಬ ನಂಬಿಕೆಯ ಮೇಲೆ ಊರು ನಿಂತಿರುತ್ತಿತ್ತು.

ಸಾವಿನ ಸುದ್ದಿಯ ಕಾರ್ಡು ಬಂದರೆ ಓದಿದ ಕೂಡಲೇ ಹರಿದು ಹಾಕುತ್ತಿದ್ದರು. ಅದನ್ನು ಮನೆಯೊಳಗೆ ಇಟ್ಟುಕೊಳ್ಳುತ್ತಿರಲಿಲ್ಲ. ಸತ್ತು ನಾಲ್ಕೈದು ದಿನಗಳಾಗಿರುತ್ತಿದ್ದವು, ಅಲ್ಲಿ ಮಣ್ಣೂ ಆಗಿರುತ್ತಿತ್ತು. ಇಲ್ಲಿ ಒಲೆ ಆರುತ್ತಿದ್ದುದು ಕಾರ್ಡು ಬಂದ ದಿನ. ಸಾವಿನ ಮನೆಗೆ ನೆರೆಯವರು ಊಟ ಕಳಿಸುವುದು ಪ್ರವಾದಿಯವರ ಕಾಲದಿಂದ ಬಂದ ನಡವಳಿಕೆ. ಅದಕ್ಕಾಗಿ ನೆರೆಯ ಮನೆಯ ಡಬ್ಬಿಗಳು ತೆರೆಯುತ್ತಿದ್ದವು. ಅವು ನಮ್ಮವರ ಮನೆಯ ಡಬ್ಬಿಗಳೇ ಆಗಿರಬೇಕೆಂದೇನೂ ಇರಲಿಲ್ಲ.

ಮುಟ್ಟದ ಕಾಗದ, ಉಣ್ಣದ ಬುತ್ತಿ

ಇಷ್ಟು ಹೇಳಿ ನಿಲ್ಲಿಸಿದರೆ ಇದು ಚಂದದ ಹಳೆಯ ಕಾಲದ ನೆನಪಾಗುತ್ತದೆ, ಚರಿತ್ರೆಯಾಗುವುದಿಲ್ಲ. ಅದೇ ಮುಂಬಯಿ ಪ್ರಾಂತದಲ್ಲಿ, ಪುಣೆಯಿಂದ ಮಿರಜದ ಮೇಲೆ ಬೆಳಗಾವಿಗೆ ಬರುವ ಅದೇ ರೈಲುದಾರಿಯಲ್ಲಿ, ಕಾಗದವೂ ಬುತ್ತಿಯೂ ಎರಡೂ ಕೈಕೊಟ್ಟ ಒಂದು ಘಟನೆಯಿದೆ. 'ವೇಟಿಂಗ್ ಫಾರ್ ಎ ವೀಸಾ' ಎಂಬ ಆತ್ಮಕಥನದ ಬರಹದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅದನ್ನು ಬರೆದಿದ್ದಾರೆ.

ಅದು 1901ರ ಸುಮಾರಿನ ಮಾತು. ಬಾಲಕ ಭೀಮರಾವ್ ಅಣ್ಣನ ಜೊತೆ, ತೀರಿಕೊಂಡ ಅಕ್ಕನ ಮಕ್ಕಳ ಜೊತೆ ಸತಾರಾದಿಂದ ಹೊರಟಿದ್ದರು. ದೂರದ ಊರಿನಲ್ಲಿ ನೌಕರಿ ಮಾಡುತ್ತಿದ್ದ ತಂದೆಯ ಹತ್ತಿರ ರಜೆ ಕಳೆಯುವ ಸಂಭ್ರಮ. ಬರುವ ದಿನವನ್ನು ತಿಳಿಸಿ ಕಾಗದ ಹಾಕಿದ್ದರು. ಮಸೂರ ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಒಳ್ಳೆಯ ಬಟ್ಟೆ ತೊಟ್ಟ ಮಕ್ಕಳನ್ನು ಸ್ಟೇಷನ್ ಮಾಸ್ತರ ಮೊದಲು ಅಕ್ಕರೆಯಿಂದ ವಿಚಾರಿಸಿದ. ಮಹಾರರು ಎಂದು ತಿಳಿದ ಕ್ಷಣ ಅವನ ಮುಖ ಬದಲಾಯಿತು. ಗಾಡಿಯವರು ಬರಲೊಲ್ಲರು. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆಯುವುದು, ಗಾಡಿಯವನು ಪಕ್ಕದಲ್ಲಿ ನಡೆದು ಬರುವುದು ಎಂದು ಒಪ್ಪಂದವಾಯಿತು. ರಾತ್ರಿ ಸುಂಕದ ಕಟ್ಟೆಯ ಹತ್ತಿರ ನಿಂತರು. ಮನೆಯಿಂದ ತಂದ ಬುತ್ತಿಯಲ್ಲಿ ಊಟ ಸಾಕಷ್ಟಿತ್ತು, ಹಸಿವೆಯೂ ಇತ್ತು. ಆದರೆ ಅವರಿಗೆ ಯಾರೂ ನೀರು ಕೊಡಲಿಲ್ಲ. ಉಣ್ಣದೆ ಮಲಗಿದರು. ಕಾಗದ ಏನಾಗಿತ್ತು? ಅದು ತಲುಪಿತ್ತು. ಇಸಿದುಕೊಂಡ ಮನೆಯ ಆಳು ಅದನ್ನು ತಂದೆಗೆ ಕೊಟ್ಟಿರಲಿಲ್ಲ.

ಈ ಘಟನೆಯಲ್ಲಿ ಟಪಾಲು ಇಲಾಖೆಯ ತಪ್ಪೇನೂ ಇಲ್ಲ. ರೈಲೂ ಹೊತ್ತಿಗೆ ಸರಿಯಾಗಿ ಓಡಿತ್ತು. ಸರ್ಕಾರ ತರಬಹುದಾದ್ದನ್ನೆಲ್ಲ ತಂದಿತ್ತು. ಕೊರತೆ ಬಿದ್ದದ್ದು ಒಂದು ಚೊಂಬು ನೀರು. ಸುಲ್ತಾನನಿಗೆ ಗಂಗೆಯ ನೀರನ್ನು ನಲವತ್ತು ದಿನ ಹೊತ್ತು ತಂದ ನಾಡಿನಲ್ಲಿ, ದಾರಿಬದಿಯ ಕಟ್ಟೆಯಿಂದ ನಾಲ್ಕು ಮಕ್ಕಳ ಕೈಗೆ ನೀರು ಬರಲಿಲ್ಲ. ಬುತ್ತಿ ಕಟ್ಟಿದ ಹೆಣ್ಣುಮಗಳು ಎಲ್ಲವನ್ನೂ ಯೋಚಿಸಿಯೇ ಕಟ್ಟಿರುತ್ತಾಳೆ. ಆದರೆ ದಾರಿಯ ಮೇಲಿನ ಮನುಷ್ಯರನ್ನು ಅವಳು ಗಂಟಿನಲ್ಲಿ ಕಟ್ಟಿ ಕಳಿಸಲಾರಳು.

ಅದೇ ಅಂಬೇಡ್ಕರ್ 1925ರಲ್ಲಿ ನಿಪ್ಪಾಣಿಗೆ ಬಂದು ಅಸ್ಪೃಶ್ಯರ ಪ್ರಾಂತೀಯ ಪರಿಷತ್ತು ನಡೆಸಿದರು. ಹುಕ್ಕೇರಿ ಸೀಮೆಗೆ ನಿಪ್ಪಾಣಿ ಪಕ್ಕದ ಪೇಟೆ. ನಮ್ಮ ಹಳ್ಳಿಗಳಲ್ಲಿ ಕೇರಿಯ ತುದಿಯಲ್ಲೇ ನಿಂತು ಹೆಸರು ಕೂಗುತ್ತಿದ್ದ ಟಪಾಲಿನವರೂ ಇದ್ದರು, ಮೇಲ್ಜಾತಿಯವರ ಪಡಸಾಲೆಯಲ್ಲಿದ್ದ ಟಪಾಲು ಕಚೇರಿಯ ಅಂಗಳದಲ್ಲಿ ಕಾಯುತ್ತ ನಿಂತವರೂ ಇದ್ದರು. ಕಾರ್ಡಿನ ದರ ಎಲ್ಲರಿಗೂ ಒಂದೇ ಇತ್ತು, ಅದು ಕೈಗೆ ಬರುವ ರೀತಿ ಒಂದೇ ಇರಲಿಲ್ಲ.

ಈಗಿನ ಕೈಗಳು

1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. ಬೆಳಗಾವಿ ಜಿಲ್ಲೆಯ ಹಳ್ಳಿಗಳು 591ರಿಂದ ಶುರುವಾಗುವ ಅಂಕೆಗಳಾದವು. ಹಳ್ಳಿಯ ಮಕ್ಕಳು ಬೆಳಗಾವಿ, ಧಾರವಾಡದಲ್ಲಿ ಖೋಲಿ ಹಿಡಿದು ಓದತೊಡಗಿದಾಗ ತಾಯಂದಿರು ರೊಟ್ಟಿಯ ಬುತ್ತಿಯನ್ನು ಕೆಂಪು ಬಸ್ಸಿನಲ್ಲಿಟ್ಟು ಕಳಿಸಿದರು. ಸ್ಟ್ಯಾಂಪಿಲ್ಲ, ರಸೀದಿಯಿಲ್ಲ; ಬರೀ ಕಂಡಕ್ಟರನ ಮೇಲಿನ ನಂಬಿಕೆ. ಹಾಗೆ ಬಂದ ರೊಟ್ಟಿ ತಿಂದು ಓದಿದ ಮಾಸ್ತರರು, ವಕೀಲರು, ಡಾಕ್ಟರರು ಈ ಜಿಲ್ಲೆಯ ತುಂಬ ಇದ್ದಾರೆ. ಅವರ ಓದಿನ ಚರಿತ್ರೆಯಲ್ಲಿ ಕಾಲೇಜುಗಳ ಹೆಸರಿದೆ, ಬಸ್ಸಿನ ಹೆಸರಿಲ್ಲ.

ಆಮೇಲೆ ಫೋನು ಬಂತು. 2013ರ ಜುಲೈಯಲ್ಲಿ ತಂತಿ ನಿಂತಿತು. 2015ರಲ್ಲಿ ಹಳೆಯ ಬಗೆಯ ಮನಿಯಾರ್ಡರ್ ನಿಂತಿತು. 2025ರಲ್ಲಿ ರಜಿಸ್ಟರ್ ಟಪಾಲು ಸ್ಪೀಡ್ ಪೋಸ್ಟಿನೊಳಗೆ ಕರಗಿತು. ರೊಟ್ಟಿ, ಹಿಂಡಿಗಳನ್ನು ಈಗ ಹೆಣ್ಣುಮಕ್ಕಳ ಸಂಘಗಳು ಪೊಟ್ಟಣ ಕಟ್ಟಿ ಮಾರುತ್ತವೆ. ಮನೆಗಾಗಿ ಬಿಟ್ಟಿ ಮಾಡುತ್ತಿದ್ದ ಕೆಲಸಕ್ಕೆ ಅವರು ಬೆಲೆ ಕಟ್ಟಿದ್ದು ಸಣ್ಣ ಮಾತಲ್ಲ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಯ ಹೆಸರಿನ ಖಾತೆಗೇ ಜಮಾ ಆಗುತ್ತದೆ. ಹೆಬ್ಬೆಟ್ಟಿಗೆ ಸಾಕ್ಷಿ ಹುಡುಕುತ್ತಿದ್ದ ಮುದುಕಿಯ ಮೊಮ್ಮಗಳು ತನ್ನ ಗಂಡನಿಗೆ ಹೇಳಬೇಕಾದ್ದನ್ನು ತಾನೇ ಫೋನಿನಲ್ಲಿ ಹೇಳುತ್ತಾಳೆ. ಪಕ್ಕದ ಮನೆಯ ಹುಡುಗನ ಹಂಗಿಲ್ಲ. ಇದು ನಷ್ಟವಲ್ಲ, ಗಳಿಕೆ. ಹಳೆಯ ಕಾಗದಗಳಿಗಾಗಿ ಹಂಬಲಿಸುವ ನಮ್ಮಂಥವರು ಇದನ್ನು ಮರೆಯಬಾರದು.

ಆದರೆ ಓದು ಕಲಿಯದ ಹೆಂಗಸರು ಇನ್ನೂ ಇದ್ದಾರೆ. ಖಾತೆಗೆ ರೊಕ್ಕ ಬಂದರೆ ಫೋನಿಗೆ ಒಂದು ಸಂದೇಶ ಬರುತ್ತದೆ. ಅವರು ಅದನ್ನು ಹಿಡಿದುಕೊಂಡು ಇವತ್ತಿಗೂ ಓದಬಲ್ಲವರ ಮನೆಗೆ ಹೋಗುತ್ತಾರೆ. ಗುಟ್ಟಿನ ಅಂಕೆಯನ್ನೂ ಅವರಿಗೇ ಹೇಳುತ್ತಾರೆ. ಪೋಸ್ಟ್‌ಮನ್ನನ ಕೈ ಹೋಗಿದೆ, ಪರರ ಕೈ ಹೋಗಿಲ್ಲ. ಆ ಕೈಗೆ ಈಗ ಸಮವಸ್ತ್ರವಿಲ್ಲ, ಅದು ಊರಿನ ಎದುರಿಗೆ ಜವಾಬುದಾರನೂ ಅಲ್ಲ. ಹೆಣ್ಣುಮಕ್ಕಳಿಗೆ ತಮ್ಮ ಹೆಸರಿಗೆ ಬಂದದ್ದನ್ನು ತಾವೇ ಓದಲು ಕಲಿಸುವ ಕೆಲಸ ಕಾಲಾಣೆಯ ಕಾರ್ಡು ಬಂದ ಕಾಲದಲ್ಲೇ ಆಗಬೇಕಿತ್ತು. ಅದು ಇನ್ನೂ ಮುಗಿದಿಲ್ಲ.